ವೀಕೆಂಡ್ ಮನೆ, ವರ್ಷವಿಡೀ ರಸ್ತೆ

‘ನಾವು ತಿಂಗಳಿಗೆ ಎರಡು ಸಲ ಬಂದು ಹೋಗೋರು. ನಮಗ್ಯಾಕೆ ರಸ್ತೆ ದುಡ್ಡು?’

ಕಳೆದ ಮಳೆಗಾಲ ಪೂರ್ತಿ ನಮ್ಮ ಲೇಔಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಓಡಾಡಿದ ಪ್ರಶ್ನೆ ಇದು. ಲೇಔಟ್ ಇರೋದು ಸಕಲೇಶಪುರದ ಕಡೆ, ಕಾಫಿ ತೋಟಗಳ ನಡುವೆ. ಮಧ್ಯೆ ಒಂದು ರೆಸಾರ್ಟು, ಅದರ ಸುತ್ತ 36 ಸೈಟು. ಅದರಲ್ಲಿ 28 ಮನೆ ಎದ್ದಿವೆ. ಎಲ್ಲರೂ ಹೆಚ್ಚುಕಮ್ಮಿ ಬೆಂಗಳೂರಿನ ಕೆಲಸದವರು. ನಾನೂ ನನ್ನ ಗಂಡನೂ ಇಬ್ಬರ ಸಂಬಳದ ಮೇಲೆ ಸಾಲ ತೆಗೆದು ಕಟ್ಟಿಸಿದ 1,400 ಚದರಡಿಯ ಮನೆಯೂ ಅಲ್ಲಿದೆ.

ಹೆದ್ದಾರಿಯಿಂದ ಲೇಔಟಿಗೆ ಮೂರು ಕಿಲೋಮೀಟರ್ ಊರಿನ ರಸ್ತೆ. ಲಾರಿ ಬಂದರೆ ಎದುರಿನ ಸ್ಕೂಟರು ಮಣ್ಣಿಗೆ ಇಳಿದು ನಿಲ್ಲಬೇಕು, ಅಷ್ಟೇ ಅಗಲ. ನಮ್ಮ ಮನೆಗಳು ಏಳುವ ಹೊತ್ತಿಗೆ ಆ ರಸ್ತೆಯ ಡಾಂಬರು ಎದ್ದು ಹೋಗಿತ್ತು. ಸ್ಕೂಲ್ ವ್ಯಾನಿನವನು ಊರೊಳಗೆ ಬರೋದು ನಿಲ್ಲಿಸಿದ. ಮಕ್ಕಳು ಮಳೆಯಲ್ಲಿ ಹೆದ್ದಾರಿವರೆಗೆ ನಡೆದರು. ಊರಿನವರು ಸಭೆ ಸೇರಿ ನಮಗೆ ಒಂದೇ ಮಾತು ಹೇಳಿ ಕಳಿಸಿದರು: ಸೈಟಿಗೆ 1 ಲಕ್ಷ ಕೊಡಿ, ರಸ್ತೆ ಮಾಡಿಸೋಣ.

ಗ್ರೂಪು ಹೊತ್ತಿ ಉರೀತು. ‘ರೋಡ್ ಟ್ಯಾಕ್ಸ್ ಕಟ್ಟಿಲ್ವಾ?’ ಅಂತ ಒಬ್ಬರು. ‘ನನ್ನ ಸೈಟಿನಲ್ಲಿ ಇನ್ನೂ ಹುಲ್ಲು ಬಿಟ್ಟರೆ ಏನೂ ಇಲ್ಲ, ನಾನ್ಯಾಕೆ ಕೊಡಲಿ?’ ಅಂತ ಇನ್ನೊಬ್ಬರು. ‘ಇದು ಹಫ್ತಾ’ ಅಂದವರೂ ಇದ್ದರು. ಕೊನೆಗೆ ಊರಿನವರ ಹತ್ತಿರ ಮಾತಾಡೋಕೆ ನನ್ನನ್ನು ಮುಂದೆ ಬಿಟ್ಟರು. ಕಾರಣ ಸರಳ: ‘ನೀವು ಹಳ್ಳಿ ಕಡೆಯವರಲ್ವಾ ಮೇಡಂ.’

ಹೌದು. ನಾನು ಹೂವಿನಹಡಗಲಿ ತಾಲ್ಲೂಕಿನ ಮಾಗಳದವಳು. ತುಂಗಭದ್ರೆಯ ದಂಡೆ, ಚಾಲುಕ್ಯರ ಕಾಲದ ಗುಡಿ, ನಮ್ಮಪ್ಪನ ಅರ್ಧ ಎಕರೆ ಮಲ್ಲಿಗೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಆದರೆ ಮೊಗ್ಗಿಗೆ ಅದು ಗೊತ್ತಾಗಲ್ಲ. ಅದು ಬಿರಿಯೋದರೊಳಗೆ ಪೇಟೆ ಸೇರಿದರೆ ರೇಟು, ಇಲ್ಲದಿದ್ದರೆ ಕಸ. ರಸ್ತೆ ಕೆಟ್ಟರೆ ಹೂವಿನ ಬುಟ್ಟಿ ತಡ ಆಗುತ್ತೆ, ಆ ದಿನದ ಕೂಲಿ ಕೂಡ ಹುಟ್ಟಲ್ಲ. ಉಸುಕಿನ ಲಾರಿಗಳು ಹೋದ ಮೇಲೆ ತಗ್ಗು ಎಣಿಸುತ್ತಾ ಅಪ್ಪ ಹೇಳೋ ಮಾತು ನನಗೆ ಚಿಕ್ಕಂದಿನಿಂದ ಬಾಯಿಪಾಠ: ‘ರಸ್ತೆ ತಿಂದೋರು ಬ್ಯಾರೆ, ತಗ್ಗಿನಾಗ ಬೀಳೋರು ಬ್ಯಾರೆ.’

ಮಾಗಳದಲ್ಲಿ ನಾನು ಧೂಳು ಕುಡಿಯೋಳು. ಸಕಲೇಶಪುರದಲ್ಲಿ ಧೂಳು ಎಬ್ಬಿಸೋಳು. ಹಾಗಾಗಿ ಎರಡೂ ಕಡೆಗೆ ನ್ಯಾಯ ಅನ್ನಿಸೋ ಲೆಕ್ಕ ಬೇಕಿತ್ತು ನನಗೆ.

ಮೊದಲು, ರಸ್ತೆ ಕೆಡೋದು ಹೇಗೆ ಅಂತ ಓದಿದೆ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಒಂದು ದೊಡ್ಡ ಪರೀಕ್ಷೆ ನಡೀತು. ಬೇರೆ ಬೇರೆ ದಪ್ಪದ ರಸ್ತೆ ಹಾಕಿ, ಬೇರೆ ಬೇರೆ ಭಾರದ ಲಾರಿಗಳನ್ನು ಅದರ ಮೇಲೆ ಸುತ್ತು ಹೊಡೆಸಿದರು. ಅದರಿಂದ ಹೊರಟ ಸೂತ್ರವನ್ನು ಎಂಜಿನಿಯರುಗಳು ಇವತ್ತಿಗೂ ಅಂದಾಜಿಗೆ ಬಳಸುತ್ತಾರೆ: ಗಾಡಿಯ ಒಂದು ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು 16 ಪಟ್ಟು. ಭಾರದ ನಾಲ್ಕನೇ ಘಾತ. ನಮ್ಮ ದೇಶದಲ್ಲಿ 2018ರಲ್ಲಿ ನಾಲ್ಕು ಚಕ್ರದ ಒಂಟಿ ಅಚ್ಚಿನ ಮೇಲಿನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಭಾರ ಹೆಚ್ಚಾಗಿದ್ದು ಶೇ 13ರಷ್ಟೇ. ಸೂತ್ರದ ಪ್ರಕಾರ ಪೆಟ್ಟು ಹೆಚ್ಚಾಗಿದ್ದು ಶೇ 60ಕ್ಕಿಂತ ಜಾಸ್ತಿ.

ಈಗ ನಮ್ಮ ಮನೆಗೆ ಬನ್ನಿ. ಕಾರಿನ ಒಂದು ಅಚ್ಚಿನ ಮೇಲೆ 1 ಟನ್, ತುಂಬಿದ ಲಾರಿಯ ಹಿಂದಿನ ಅಚ್ಚಿನ ಮೇಲೆ 10 ಟನ್ ಅಂತ ಹಿಡಿಯಿರಿ. ಲಾರಿ ಒಂದು ಸಲ ಹೋದರೆ ಕಾರು 10,000 ಸಲ ಹೋದ ಹಾಗೆ. ಕಂಟ್ರಾಕ್ಟರು ಕೊಟ್ಟ ಬಿಲ್ಲು, ಡೆಲಿವರಿ ಚೀಟಿಗಳನ್ನೆಲ್ಲ ಹರಡಿಕೊಂಡು ಎಣಿಸಿದೆ: ಮರಳು, ಜಲ್ಲಿ, ಕಲ್ಲು, ಸಿಮೆಂಟು, ಕಬ್ಬಿಣ ಸೇರಿ 58 ಲೋಡು. ಅಂದರೆ ಕಾರಿನ 5,80,000 ಓಡಾಟಕ್ಕೆ ಸಮ. ನಾವು ತಿಂಗಳಿಗೆ ಎರಡು ಸಲ ಬಂದು ಹೋದರೆ ವರ್ಷಕ್ಕೆ 48 ಓಡಾಟ. ಆ 58 ಲೋಡು ಮಾಡಿದ ಪೆಟ್ಟನ್ನು ನಮ್ಮ ಕಾರು ಮಾಡೋಕೆ 12,000 ವರ್ಷ ಬೇಕು!

ಇದು ಒರಟು ಲೆಕ್ಕ. ತೆಳು ರಸ್ತೆಗೆ ಮಲೆನಾಡಿನ ನೀರೂ ಅಷ್ಟೇ ದೊಡ್ಡ ಶತ್ರು. ಆದರೂ ಒಂದು ವಿಷಯ ನಿಚ್ಚಳ ಆಯ್ತು. ‘ತಿಂಗಳಿಗೆ ಎರಡೇ ಸಲ ಬರ್ತೀವಿ’ ಅನ್ನೋ ವಾದಕ್ಕೆ ತೂಕವೇ ಇಲ್ಲ. ನಮ್ಮ ಮನೆ ರಸ್ತೆಗೆ ಕೊಡಬೇಕಾದ ಪೆಟ್ಟನ್ನು ಗೃಹಪ್ರವೇಶಕ್ಕಿಂತ ಮೊದಲೇ ಕೊಟ್ಟಾಗಿತ್ತು. ಹಾಗೇ, ‘ಸೈಟಿಗೆ 1 ಲಕ್ಷ’ ಅನ್ನೋದೂ ಸರಿ ಅಲ್ಲ. ಹುಲ್ಲು ಬೆಳೆದ ಸೈಟಿಗೂ 4,000 ಚದರಡಿಯ ಬಂಗಲೆಗೂ ಒಂದೇ ರೇಟು ಹಾಕಿದ ಹಾಗಾಯ್ತು.

ಹಾಗಾದರೆ ಕಾನೂನು ಏನು ಹೇಳುತ್ತೆ? ಸಂವಿಧಾನದ 265ನೇ ವಿಧಿ ಪ್ರಕಾರ ಕಾನೂನಿನ ಅಧಿಕಾರ ಇಲ್ಲದೆ ಯಾರೂ ತೆರಿಗೆ ವಸೂಲಿ ಮಾಡುವ ಹಾಗಿಲ್ಲ. ಊರ ಸಭೆ ‘ಕೊಡಿ’ ಅನ್ನಬಹುದು, ‘ಕೊಡಲೇಬೇಕು’ ಅನ್ನೋಕಾಗಲ್ಲ. ಪಂಚಾಯಿತಿಗಳಿಗೆ ತೆರಿಗೆ, ಶುಲ್ಕ ಹಾಕುವ ಅಧಿಕಾರ ಕೊಡಬಹುದು ಅಂತ 243ಎಚ್ ವಿಧಿ ಹೇಳುತ್ತೆ, ಆದರೆ ಕೊಡಬೇಕಾದದ್ದು ರಾಜ್ಯದ ಶಾಸನಸಭೆ. ನಮ್ಮ ರಾಜ್ಯದ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ಎ ಕಲಂನಲ್ಲಿ ಇದಕ್ಕೆ ಹತ್ತಿರದ ವ್ಯವಸ್ಥೆ ಇದೆ. ಯೋಜನಾ ಪ್ರದೇಶದಲ್ಲಿ ಅನುಮತಿ ಕೊಡುವಾಗ ನೀರಿಗೆ ಸೆಸ್, ವರ್ತುಲ ರಸ್ತೆಗೆ ಸರ್‌ಚಾರ್ಜ್, ಕೊಳೆಗೇರಿ ಸುಧಾರಣೆಗೆ ಸೆಸ್, ಸಮೂಹ ಸಾರಿಗೆಗೆ ಸರ್‌ಚಾರ್ಜ್ ಹಾಕಬಹುದು. ಎಲ್ಲಾ ಸೇರಿ ಮಾರುಕಟ್ಟೆ ಬೆಲೆಯ ಹತ್ತನೇ ಒಂದು ಭಾಗ ಮೀರಬಾರದು. ಅಂದರೆ ಅಳತೆಗೋಲು ಜಾಗದ ಬೆಲೆ, ಲಾರಿಯ ಭಾರ ಅಲ್ಲ. ದೊಡ್ಡ ಊರುಗಳ ವರ್ತುಲ ರಸ್ತೆಗೆ ಅದು ಸರಿ, ಮೂರು ಕಿಲೋಮೀಟರಿನ ಹಳ್ಳಿ ರಸ್ತೆಗೆ ಅದರಿಂದ ಏನೂ ಬರಲ್ಲ.

ಹೊರಗಿನ ದೇಶದಲ್ಲೂ ಇದೇ ಜಗಳ. ಕ್ಯಾಲಿಫೋರ್ನಿಯಾದ ಎಲ್ ಡೊರಾಡೊ ಕೌಂಟಿಯಲ್ಲಿ ಜಾರ್ಜ್ ಶೀಟ್ಸ್ ಎಂಬುವರು ತಮ್ಮ ಜಾಗದಲ್ಲಿ ಒಂದು ರೆಡಿಮೇಡ್ ಮನೆ ಇಡೋಕೆ ಹೋದಾಗ 23,420 ಡಾಲರ್ ಸಂಚಾರ ಶುಲ್ಕ ಕೇಳಿದರು. ಆ ಮನೆಯಿಂದ ರಸ್ತೆಗೆ ಎಷ್ಟು ಭಾರ ಅಂತ ಯಾರೂ ಅಳೆದಿರಲಿಲ್ಲ. ಪಟ್ಟಿಯಲ್ಲಿದ್ದ ರೇಟನ್ನೇ ಹಾಕಿದ್ದರು. ಕೇಸು ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಯ್ತು. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು: ಶುಲ್ಕಕ್ಕೂ ಕಟ್ಟಡದಿಂದಾಗುವ ಪರಿಣಾಮಕ್ಕೂ ಸಂಬಂಧ ಇರಬೇಕು, ಅಳತೆಯೂ ಸುಮಾರಾಗಿ ಹೊಂದಬೇಕು ಅನ್ನೋ ಪರೀಕ್ಷೆಯಿಂದ ಶಾಸನದ ಮೂಲಕ ಹಾಕಿದ ಶುಲ್ಕಕ್ಕೂ ವಿನಾಯಿತಿ ಇಲ್ಲ. ಶುಲ್ಕ ಹಾಕಲೇಬಾರದು ಅಂತ ಕೋರ್ಟು ಹೇಳಲಿಲ್ಲ.

ನಮ್ಮವರಿಗೂ ಈ ಬುದ್ಧಿ ಹೊಸದಲ್ಲ. ನಮ್ಮ ಕಡೆಯ ಹಳೆಯ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಅನ್ನೋ ಸುಂಕಗಳ ಹೆಸರು ಬರುತ್ತೆ. ಸರಕು ಎಷ್ಟು, ಎತ್ತಿನ ಹೇರೋ ತಲೆಹೊರೆಯೋ ಅಂತ ನೋಡಿ ಸುಂಕ ಎತ್ತುವ ಪದ್ಧತಿ ಇತ್ತು. ಹೊರೆ ಹೊತ್ತವನಿಗೂ ಬಂಡಿ ಹೊಡೆದವನಿಗೂ ಒಂದೇ ದರ ಇರಲಿಲ್ಲ.

ಇಷ್ಟು ಇಟ್ಟುಕೊಂಡು ಊರಿಗೆ ಹೋದೆ. ಶಾಲೆಯ ಜಗಲಿಯಲ್ಲಿ ಸಭೆ. ರಿಟೈರ್ ಆದ ಎಂಜಿನಿಯರ್ ಒಬ್ಬರು ಅಳೆದು, ಗುಂಡಿ ಮುಚ್ಚಿ ಮತ್ತೆ ಡಾಂಬರು ಹಾಕೋಕೆ 40 ಲಕ್ಷ ಅಂದಿದ್ದರು. ಅದರಲ್ಲಿ 10 ಲಕ್ಷದಷ್ಟು ಕೆಲಸ ಲೇಔಟ್ ಬರೋ ಮೊದಲೇ ಬಾಕಿ ಇತ್ತು ಅಂತ ಊರಿನವರೇ ಒಪ್ಪಿದರು. ಹಳೇ ಬಾಕಿಯನ್ನು ಹೊಸಬರ ತಲೆಗೆ ಕಟ್ಟಬಾರದು, ಇದು ಮೊದಲ ನ್ಯಾಯ. ಉಳಿದ 30 ಲಕ್ಷಕ್ಕೆ ಲೋಡು ಎಣಿಸಿದೆವು. ನಮ್ಮ 28 ಮನೆಗಳದು ಸುಮಾರು 2,000. ರೆಸಾರ್ಟಿನದು 700. ಊರಿನವರ ಮನೆ ಕೆಲಸ, ಸಿಲ್ವರ್ ಓಕ್ ಮರದ ಲಾರಿ ಸೇರಿ 300. ಒಟ್ಟು 3,000 ಲೋಡು, ಲೋಡಿಗೆ 1,000 ರೂಪಾಯಿ.

ಆಗಲೇ ಎಲ್ಲರೂ ಮುಖ ಮುಖ ನೋಡಿಕೊಂಡರು. ಊರಿನ ಪಟ್ಟಿಯಲ್ಲಿ ರೆಸಾರ್ಟಿನ ಹೆಸರೇ ಇರಲಿಲ್ಲ. ಅವರು ಗುಡಿಗೆ ದೇಣಿಗೆ ಕೊಟ್ಟಿದ್ದರು, ಹತ್ತು ಜನಕ್ಕೆ ಕೆಲಸ ಕೊಟ್ಟಿದ್ದರು. ಹಾಗಾಗಿ ಕೇಳೋಕೆ ಸಂಕೋಚ. ಲೆಕ್ಕಕ್ಕೆ ಸಂಕೋಚ ಇಲ್ಲ: 7 ಲಕ್ಷ.

ನಮ್ಮ ಮನೆಗೆ 58,000. ದೊಡ್ಡ ಬಂಗಲೆಯವರಿಗೆ ಒಂದೂವರೆ ಲಕ್ಷ. ಹುಲ್ಲಿನ ಸೈಟಿಗೆ ಸೊನ್ನೆ, ಕಟ್ಟುವಾಗ ಅದೇ ದರ, ಅದು ದುರಸ್ತಿ ನಿಧಿಗೆ. ಅಚ್ಚಿನ ಮೇಲಿನ ಭಾರ ಅರ್ಧ ಇರುವ ಸಣ್ಣ ಗಾಡಿಯಾದರೆ ಹದಿನಾರರಲ್ಲಿ ಒಂದು ಪಾಲು, ಸುಮಾರು 60 ರೂಪಾಯಿ. ಅದೇ ಸಾಮಾನಿಗೆ ಮೂರು ಟ್ರಿಪ್ ಆದರೂ ರಸ್ತೆಗೆ ಲಾಭವೇ. ಈಗ ಹೊಸದಾಗಿ ಕಟ್ಟುತ್ತಿರೋರು ಸಣ್ಣ ಗಾಡಿಯಲ್ಲೇ ಜಲ್ಲಿ ತರಿಸ್ತಿದ್ದಾರೆ.

ಎಲ್ಲ ಮುಗೀತು ಅನ್ನೋವಾಗ ಹಿರಿಯರೊಬ್ಬರು ಎದ್ದರು. ‘ಲಾರಿ ಲೆಕ್ಕ ಸರಿ ಕಣಮ್ಮ. ಶನಿವಾರ ಸಾಯಂಕಾಲ ನಿಮ್ಮ ಕಾರುಗಳ ಸಾಲಿನಲ್ಲಿ ನನ್ನ ದನ ರಸ್ತೆ ದಾಟೋಕೆ ಆಗಲ್ಲ. ಅದಕ್ಕೆಷ್ಟು ರೂಪಾಯಿ?’

ನಾಲ್ಕನೇ ಘಾತದಲ್ಲಿ ಅದಕ್ಕೆ ಉತ್ತರ ಇಲ್ಲ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳು ಸಾಮಾನ್ಯವಾಗಿ 3.75 ಮೀಟರ್ ಅಗಲ, ಓಡಾಟ ಕಡಿಮೆ ಇದ್ದರೆ 3 ಮೀಟರ್. ಅವು ಊರಿನ ಅಳತೆಗೆ ಹೊಲಿದ ಅಂಗಿ. ಕಾರು ಡಾಂಬರು ಕೆಡಿಸಲ್ಲ, ಆದರೆ ಜಾಗ ತಿನ್ನುತ್ತೆ. ಅದಕ್ಕೇ ಎರಡನೇ ಭಾಗ ಸೇರಿಸಿದೆವು: ಮನೆಗೆ ವರ್ಷಕ್ಕೆ 3,000, ಮನೆಯನ್ನು ದಿನಬಾಡಿಗೆಗೆ ಬಿಡೋರಿಗೆ 9,000. ಆ ದುಡ್ಡಲ್ಲಿ ಗಾಡಿ ಸರಿದು ನಿಲ್ಲೋ ನಾಲ್ಕು ಜಾಗ, ಶಾಲೆ ಹತ್ತಿರ ಹಂಪು. ವೇಗ ಗಂಟೆಗೆ 20 ಕಿಲೋಮೀಟರ್. ಹಿರಿಯರು ಕೂತರು. ಒಪ್ಪಿ ಕೂತರೋ, ಸಾಕಾಗಿ ಕೂತರೋ ಗೊತ್ತಿಲ್ಲ.

ಇದೆಲ್ಲ ಸ್ವಂತ ಇಚ್ಛೆಯ ವಂತಿಗೆ ಅಂತಲೇ ಗ್ರಾಮಸಭೆಯಲ್ಲಿ ಬರೆಸಿದೆವು. ಬೇರೆ ಖಾತೆ, ಜಂಟಿ ಸಹಿ, ಈ ರಸ್ತೆಗೆ ಬಿಟ್ಟು ಬೇರೆಗೆ ಖರ್ಚು ಇಲ್ಲ. ಇನ್ನೊಂದು ಸಾಲನ್ನೂ ನಾನೇ ಒತ್ತಾಯ ಮಾಡಿ ಸೇರಿಸಿದೆ: ರಸ್ತೆ ದುಡ್ಡು ಕೊಟ್ಟರೆ ಅದು ಕಟ್ಟಡದ ಪರವಾನಗಿ ಆಗಲ್ಲ. ನಮ್ಮ ಹಂಪಿ ಪಕ್ಕದ ವಿರೂಪಾಪುರ ಗಡ್ಡೆ ನೆನಪಿರಬೇಕು. ಅಲ್ಲಿನ ರೆಸಾರ್ಟುಗಳು ಅಕ್ರಮ ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಮಾರ್ಚ್‌ನಲ್ಲಿ ಜೆಸಿಬಿ ಬಂತು. ವರ್ಷಗಟ್ಟಲೆ ವ್ಯಾಪಾರ ನಡೆದಿತ್ತು ಅನ್ನೋದು ಅವರ ಕೈ ಹಿಡಿಯಲಿಲ್ಲ.

28 ಮನೆಯಲ್ಲಿ 24 ಮನೆಯವರು ಕೊಟ್ಟಿದ್ದಾರೆ. ರೆಸಾರ್ಟಿನವರು ಅರ್ಧ ಕೊಟ್ಟು ಇನ್ನರ್ಧಕ್ಕೆ ದಿನ ಹೇಳುತ್ತಿದ್ದಾರೆ. ಎರಡು ಕಿಲೋಮೀಟರ್ ಡಾಂಬರು ಬಿದ್ದಿದೆ. ವ್ಯಾನು ಈಗ ಊರ ಬಾಗಿಲವರೆಗೆ ಬರುತ್ತೆ, ಒಳಗಿನ ಮಕ್ಕಳು ಇನ್ನೂ ಒಂದು ಕಿಲೋಮೀಟರ್ ನಡೀತಾರೆ. ‘ಹಫ್ತಾ’ ಅಂದವರು ಗ್ರೂಪ್ ಬಿಟ್ಟು ಹೋಗಿದ್ದಾರೆ, ರಸ್ತೆ ಬಿಟ್ಟಿಲ್ಲ.

ನೀವೂ ಇಂಥ ಸೈಟು ನೋಡೋಕೆ ಹೋಗೋರಿದ್ದರೆ ಕ್ಲಬ್ ಹೌಸ್ ಆಮೇಲೆ ನೋಡಿ. ಮೊದಲು ಹೆದ್ದಾರಿಯಿಂದ ಒಳಗೆ ಬರೋ ರಸ್ತೆ ಯಾರದು, ಅಗಲ ಎಷ್ಟು, ಕಟ್ಟೋವಾಗ ಕೆಟ್ಟರೆ ಯಾರು ಸರಿ ಮಾಡಬೇಕು ಅಂತ ಕೇಳಿ. ಉತ್ತರವನ್ನು ಕರಾರಿನಲ್ಲೇ ಬರೆಸಿ. ನಮ್ಮ ಹಾಗೆ ಆಮೇಲೆ ಲೋಡು ಎಣಿಸೋದಕ್ಕಿಂತ ಮೊದಲೇ ಲೇಔಟಿನವರಿಂದ ಕಟ್ಟಿಸೋದು ಸುಲಭ.

ಮೊನ್ನೆ ಮಾಗಳಕ್ಕೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ‘ಲೋಡಿಗೆ ಸಾವಿರ? ಹಂಗಾರ ನಮ್ಮೂರ ರಸ್ತೆಗೆ ಬೆಳ್ಳಿ ಹಾಸಬಹುದು ಬಿಡವಾ’ ಅಂತ ನಕ್ಕರು. ಆಮೇಲೆ ಸುಮ್ಮನಾಗಿ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದರು: ‘ಅದಿರ್ಲಿ, ಇಲ್ಲಿ ಎಣಸೋರು ಯಾರವಾ?’