ದೊಡ್ಡಜ್ಜನ ಕುಲುಮೆಯ ಬಣ್ಣ

ಶಿವಮೊಗ್ಗದಲ್ಲಿ ರೈಲು ಹತ್ತಿ, ಕಡಲೆಕಾಯಿ ಪೊಟ್ಟಣ ಖಾಲಿಯಾಗುವಷ್ಟರಲ್ಲಿ ಭದ್ರಾವತಿ. ತುಂಗೆಯ ಊರಿನಿಂದ ಭದ್ರೆಯ ಊರಿಗೆ ಅಷ್ಟೇ ದಾರಿ. ಹೋದ ತಿಂಗಳು ಮೊಮ್ಮಗಳನ್ನು ಕರೆದುಕೊಂಡು ನನ್ನ ಅಣ್ಣನನ್ನು ನೋಡಲು ಹೋಗಿದ್ದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುವ ಅವಳ ಕೆಲಸ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಲೋಹ ಕಾಯಿಸಿ ನೋಡುವುದು. ಅಣ್ಣನೂ ಲೋಹ ಕಾಯಿಸುವವನೇ, ಕುಲುಮೆಯಲ್ಲಿ.

ಭದ್ರಾವತಿ ಕಬ್ಬಿಣದ ಊರು. ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಿಲು ಉರಿಸಿ ಕರಗಿಸತೊಡಗಿತು. ಅಣ್ಣನ ಕುಲುಮೆ ಅದರ ಮುಂದೆ ಇರುವೆಯಷ್ಟು.

ಇಕ್ಕಳದಲ್ಲಿ ಕತ್ತಿ ಎತ್ತಿ ಹಿಡಿದು ಅಣ್ಣ ಕೇಳಿದ, "ಬಣ್ಣ ಏನಾಗೈತೆ ಹೇಳೋ?"

ನನಗೆ ಎದೆ ಧಸಕ್ಕೆಂದಿತು. ಕಾವಿನ ಬಣ್ಣ ನೋಡಿ ಹದ ಹೇಳುತ್ತಿದ್ದವನು ಅವನು. ಕಡುಗೆಂಪಾದರೆ ಸುಮಾರು 700 ಡಿಗ್ರಿ, ಕಿತ್ತಳೆಯಾದರೆ 900 ದಾಟಿತು. ಕಣ್ಣಿಗೆ ಪೊರೆ ಬಂದದ್ದನ್ನು ಮನೆಯಲ್ಲಿ ಮುಚ್ಚಿಟ್ಟಿದ್ದ. ಕಾವು ಮೀರಿ, ನೀರಿಗೆ ಅದ್ದಿದಾಗ ಸೀಳಿದ ಎರಡು ಕತ್ತಿ ಮೂಲೆಯಲ್ಲಿ ಬಿದ್ದಿದ್ದವು.

ಮೊಮ್ಮಗಳು ಸೀಳಿದ ಕತ್ತಿ ಕೈಗೆತ್ತಿಕೊಂಡಳು. "ಕಾವು ಹೆಚ್ಚಾದ್ರೆ ಒಳಗಿನ ಹರಳು ದಪ್ಪ ಆಗ್ತವೆ ದೊಡ್ಡಜ್ಜ. ಅದನ್ನ ನಾವು ಕಣ್ಣಾರೆ ನೋಡ್ತೀವಿ. ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟು ತೆಳ್ಳಗಿನ ಚೂರು, ಗಾಳಿಯೇ ಇಲ್ಲದ ಕೋಣೆ, ಅದರೊಳಗೆ ಪುಟ್ಟ ಒಲೆ. ಅಪ್ಪಟ ಕಬ್ಬಿಣ 912 ಡಿಗ್ರಿ ದಾಟಿದ್ರೆ ಪರಮಾಣುಗಳು ಕೂತ ಜಾಗ ಬದಲಿಸಿ ಬೇರೆ ಥರ ಕೂತ್ಕೋತವೆ."

"ಆಗ ಎಂಥಾ ಬಣ್ಣ ಕಾಣ್ತದೆ?"

"ಬಣ್ಣವೇ ಇಲ್ಲ. ನಾವು ನೋಡೋದು ಬೆಳಕಿನಿಂದಲ್ಲ, ಎಲೆಕ್ಟ್ರಾನಿನಿಂದ. ಬರೀ ಕಪ್ಪು ಬಿಳುಪು."

ಅಣ್ಣನಿಗೆ ಇದು ನಂಬಲಾಗಲಿಲ್ಲ. ನನಗೂ ಅಷ್ಟೇ, ಬಣ್ಣವಿಲ್ಲದೆ ಕಾದ ಕಬ್ಬಿಣವೇ?

"ಬೆಳಕೇ ನಮಗೆ ತೊಂದರೆ," ಎಂದಳು. "ಕೆಲವು ಸೂಕ್ಷ್ಮದರ್ಶಕಗಳಲ್ಲಿ ಚೂರು ಕೆಂಪಗೆ ಕಾದ್ರೆ ಅದರದ್ದೇ ಹೊಳಪು ಯಂತ್ರದ ಕಣ್ಣಿಗೆ ಬಡಿದು ಚಿತ್ರವೆಲ್ಲ ಬೆಳ್ಳಗೆ ಮಂಜಾಗ್ತದೆ."

ಅಣ್ಣ ಗಹಗಹಿಸಿ ನಕ್ಕ. "ನಿಮ್ಮ ಯಂತ್ರಕ್ಕೂ ಪೊರೆ ಬರ್ತದಾ! ಆವಾಗ ಏನ್ ಮಾಡ್ತೀರಿ?"

"ಆ ಹೊಳಪಿಗೆ ಬೆದರದ ಬೇರೆ ಕಣ್ಣು ಹಾಕ್ತೀವಿ."

ಅಣ್ಣ ಸುಮ್ಮನಾದ. ಕತ್ತಿಯನ್ನು ಮತ್ತೆ ಕೆಂಡಕ್ಕಿಟ್ಟ. ಈ ಸಲ ಬಣ್ಣ ಹೇಳಿದವಳು ಮೊಮ್ಮಗಳು, ಅದ್ದಿದವನು ಅವನು. ಚುಂಯ್ ಎಂದಿತು, ಸೀಳಲಿಲ್ಲ.

ನಾವು ರೈಲು ನಿಲ್ದಾಣ ತಲುಪುವ ಮೊದಲೇ ಅಣ್ಣನ ಫೋನು ಬಂತು. "ಶಿವಮೊಗ್ಗದ ಕಣ್ಣಿನ ಡಾಕ್ಟ್ರು ಭಾನುವಾರ ಸಿಗ್ತಾರೇನೋ?"