ಶಿರಗುಪ್ಪಿಗೆ ಮೂರು ಸಾರೆ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹೆದ್ದಾರಿಯ ಮೇಲೆ ಶಿರಗುಪ್ಪಿಯೆಂಬ ಊರಿರುವದು. ಬಸ್ಸಿನಲ್ಲಿ ಹೋಗುವವರು ಸಾಮಾನ್ಯವಾಗಿ ಇದನ್ನು ಕಿಡಕಿಯಿಂದ ಕಂಡು ದಾಟಿಬಿಡುವರು. ಯಾಕಂದರೆ ಅವರ ಮನಸ್ಸು ಮುಂದಿನ ಅಣ್ಣಿಗೇರಿಯ ಅಮೃತೇಶ್ವರನ ಗುಡಿಯ ಕಡೆಗೋ ಗದಗಿನ ವೀರನಾರಾಯಣನ ಕಡೆಗೋ ಹರಿದಿರುತ್ತದೆ. ನಾನೂ ಹಾಗೆ ಎಷ್ಟು ಸಾರೆ ದಾಟಿದ್ದೆನೋ ಲೆಕ್ಕವಿಲ್ಲ. ಈ ವರ್ಷ ಮಾತ್ರ ಅಲ್ಲಿ ಮೂರು ಸಾರೆ ಇಳಿಯುವ ಪ್ರಸಂಗವು ಬಂದಿತು. ಅದಕ್ಕೆ ಕಾರಣಳಾದವಳು ನನ್ನ ತಂಗಿಯ ಮಗಳು.

ಈಕೆಯು ಪ್ರದರ್ಶನ ಕಲೆಗಳ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವಳು. ನಮ್ಮ ಕಾಲದಲ್ಲಿ ಪ್ರಬಂಧ ಬರೆಯುವದೆಂದರೆ ಡಾಕ್ಟರರಾಗುವವರ ಕೆಲಸವೆಂದು ತಿಳಿದಿದ್ದೆವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಿ. ಎಸ್. ಗದ್ದಗಿಮಠರು ಜನಪದ ಗೀತೆಗಳನ್ನು ಕುರಿತೂ, ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಕುರಿತೂ ಬರೆದದ್ದು ಆ ಬಗೆಯ ಪ್ರಬಂಧಗಳು. ಈಗ ಪದವಿಯ ಹುಡುಗರಿಗೂ ಒಂದು ಕಿರುಪ್ರಬಂಧವನ್ನು ಬರೆದೊಪ್ಪಿಸುವ ವಿಧಿಯು ಬಂದಿದೆ. ಅಕ್ಷರ ಜೋಡಿಸಿ, ಹೊಲಿಸಿ, ರಟ್ಟು ಕಟ್ಟಿಸಿ, ಮಾರ್ಗದರ್ಶಕರ ಪ್ರಮಾಣಪತ್ರವನ್ನೂ ‘ಇದು ನನ್ನದೇ ಕೆಲಸ’ ಎಂಬ ತನ್ನ ಸಹಿಯನ್ನೂ ಸೇರಿಸಿ, ಗೊತ್ತಾದ ದಿನದೊಳಗೆ ಕೊಡಬೇಕು.

ಹುಡುಗಿಯು ಮೊದಲು ಆರಿಸಿದ ವಿಷಯವು ‘ಉತ್ತರ ಕರ್ನಾಟಕದ ದೊಡ್ಡಾಟ’ ಎಂದಿದ್ದಿತು. ಅವಳ ಮಾರ್ಗದರ್ಶಕರು ನಕ್ಕು, ಅದನ್ನು ಬರೆಯಲು ನಿನಗೆ ಇನ್ನೊಂದು ಜನ್ಮ ಬೇಕಾದೀತೆಂದು ಹೇಳಿ, ಒಂದು ಊರು, ಒಂದು ಆಟ, ಆ ಆಟದಲ್ಲಿ ಒಂದೇ ವೇಷದ ಪ್ರವೇಶ, ಇಷ್ಟಕ್ಕೆ ಇಳಿಸಿದರು. ಊರು ಶಿರಗುಪ್ಪಿ, ಆಟ ಕರ್ಣಪರ್ವ, ವೇಷವು ಕರ್ಣನದು. ನನಗೆ ಇದು ತೀರ ಸಣ್ಣದೆನಿಸಿತು. ನಾನು ತಪ್ಪಿದ್ದೆನೆಂಬುದು ಆಮೇಲೆ ತಿಳಿಯಿತು.

ನನ್ನ ತಂಗಿಗೆ ಮಾತ್ರ ಇದು ಸೇರಲಿಲ್ಲ. ಹೆಣ್ಣುಹುಡುಗಿ ಆಟದವರ ಬೆನ್ನು ಹತ್ತಿ ಹಳ್ಳಿ ತಿರುಗುವದೇ ಎಂದು ಅವಳ ತಕರಾರು. ಇದೇ ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು (1913–2009) ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತು ಬರುತ್ತಿದ್ದರಲ್ಲವೇ, ಜನರ ಮಾತನ್ನು ಅವರೇನು ಕಡಿಮೆ ಕೇಳಿದರೇ ಎಂದು ನಾನು ವಾದಿಸಿದೆ. ಹಾಗಾದರೆ ಜೊತೆಗೆ ನೀನೇ ಹೋಗೆಂದಳು. ವಾದದಲ್ಲಿ ಗೆದ್ದವನಿಗೆ ಸಿಕ್ಕ ಬಹುಮಾನವಿದು.

ಸುಗ್ಗಿ ಮುಗಿದು ಚೈತ್ರದ ಬಿಸಿಲು ಬಿದ್ದಿತ್ತು. ಹಾದಿಯ ಎರಡೂ ಬದಿಗೆ ಎರೆಭೂಮಿಯು ಬರಿದಾಗಿ ಬಾಯಿಬಿಟ್ಟಿತ್ತು. ಬೆಳೆಯಿದ್ದಾಗ ಹೆಸರು, ಹತ್ತಿ, ಕಡಲೆ, ಬಿಳಿಜೋಳಗಳಿಂದ ತುಂಬಿರುವ ಈ ಸೀಮೆಯಲ್ಲಿ ಬೇಸಿಗೆಗೆ ಕಣ್ಣಿಗೆ ಆಸರೆಯಾಗುವ ಗಿಡ ಕೂಡ ಅಪರೂಪ. ಆದರೆ ರೈತನಿಗೆ ಬಿಡುವಿನ ಕಾಲವಿದು, ಆದ್ದರಿಂದಲೇ ಆಟದ ಕಾಲವೂ ಹೌದು. ಕುಮಾರವ್ಯಾಸನ ಊರೆಂದು ಹೆಸರಾದ ಕೋಳಿವಾಡವು ಇದೇ ತಾಲೂಕಿನದು. ಈ ಮಣ್ಣಿನ ಜನರು ಭಾರತದ ಕಥೆಯನ್ನು ಓದಿ ಕೇಳುವದರಲ್ಲಿ ತೃಪ್ತರಾಗದೆ ಬಣ್ಣ ಹಚ್ಚಿ ಕುಣಿದುದರಲ್ಲಿ ಆಶ್ಚರ್ಯವಿಲ್ಲ.

ದೊಡ್ಡಾಟವನ್ನು ನೋಡದ ವಾಚಕರಿಗಾಗಿ ಎರಡು ಮಾತು. ಇದು ಇರುಳೆಲ್ಲ ನಡೆದು ಬೆಳಗಿಗೆ ಮುಗಿಯುವ ಬಯಲಾಟ. ವೇಷಧಾರಿಯು ಕಿರೀಟ, ಭುಜಕೀರ್ತಿಗಳನ್ನು ಕಟ್ಟಿಕೊಂಡು ಹಿಮ್ಮೇಳದ ಹೊಡೆತಕ್ಕೆ ಸರಿಯಾಗಿ ಕುಣಿಯುತ್ತ ಬರುವನು. ಸಾರಥಿಯೆಂಬವನು ಅವನನ್ನು ತಡೆದು, ನೀನು ಯಾರು, ಎಲ್ಲಿಂದ ಬಂದಿ ಎಂದು ವಿಚಾರಿಸುವನು. ಆಗ ಪಾತ್ರವು ತನ್ನ ಕುಲ, ಬಿರುದು, ಪರಾಕ್ರಮಗಳನ್ನು ಹಾಡಿನಲ್ಲಿಯೂ ಮಾತಿನಲ್ಲಿಯೂ ಹೇಳಿಕೊಳ್ಳುವದು. ಇದಕ್ಕಾಗಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ.

ಆಟ ಕಲಿಸುವ ಹಿರಿಯರ ಹೆಸರನ್ನು ಇಲ್ಲಿ ಬರೆಯಲಾರೆ. ಪ್ರಬಂಧದಲ್ಲಿ ಬರೆಯುವದಕ್ಕಷ್ಟೇ ಅವರ ಒಪ್ಪಿಗೆಯನ್ನು ಹುಡುಗಿಯು ಪಡೆದಿರುವಳು. ಮಣ್ಣಿನ ಮಾಳಿಗೆಯ ಮನೆ. ಒಳಗೆ ಬೆಳಕಿಂಡಿಯಿಂದ ಇಳಿಯುವ ಬಿಸಿಲು. ಅವರು ಕೆಂಪು ಅರಿವೆಯಲ್ಲಿ ಸುತ್ತಿದ ಚೋಪಡಿಯನ್ನು ಪೆಟ್ಟಿಗೆಯಿಂದ ತೆಗೆದು, ಕಣ್ಣಿಗೆ ಒತ್ತಿಕೊಂಡು ಕೊಟ್ಟರು. ಅವರ ತಂದೆಯವರು ಕೈಯಿಂದ ಬರೆದದ್ದು. ಅಂಚುಗಳು ನೀರು ಕುಡಿದು ಕಂದಿದ್ದವು. ಎರಡು ಹಾಳೆಗಳಲ್ಲಿ ಅಕ್ಷರವೇ ಕಾಣುತ್ತಿರಲಿಲ್ಲ. ಹುಡುಗಿಯು ಪ್ರತಿಯೊಂದು ಹಾಳೆಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡಳು. ಅಳಿಸಿದ ಸಾಲುಗಳನ್ನು ಹಿರಿಯರು ಬಾಯಿಂದಲೇ ಹೇಳಿದರು. ಹಾಡಿದ್ದನ್ನೆಲ್ಲ ಧ್ವನಿಮುದ್ರಿಸಿ, ಪ್ರತಿಯೊಂದಕ್ಕೆ ದಿನ, ಸ್ಥಳ, ಹಾಡಿದವರ ಹೆಸರು ಬರೆದಿಟ್ಟಳು. ರೊಟ್ಟಿ, ಕೆಂಪುಚಟ್ನಿ, ಮೊಸರು ಉಂಡು ಬಂದೆವು. ಕೆಲಸವಾಯಿತೆಂದೇ ನಾನು ತಿಳಿದೆ.

ಮುಂದೆ ಮನೆಯಲ್ಲಿ ಕುಳಿತು ಮಾಡುವ ಕೆಲಸವು ಆರು ವಾರ ಹಿಡಿಯಿತು. ಹಾಡುಗಳನ್ನು ಭಾತಖಂಡೆಯವರ ಸ್ವರಲಿಪಿಯಲ್ಲಿ ಬರೆದಳು: ಮೇಲಿನ ಸಾಲಿನಲ್ಲಿ ಸ್ವರ, ಕೆಳಗೆ ತಾಳದ ಗುರುತು. ಒಂದೊಂದು ಸಾಲಿಗೆ ಧ್ವನಿಮುದ್ರಿಕೆಯನ್ನು ಇಪ್ಪತ್ತು ಸಾರೆ ಕೇಳುವದನ್ನು ಕಂಡು ನನಗೆ ತಲೆಶೂಲೆ ಬಂದಿತು. ಪುಸ್ತಕಗಳಿಂದ ತೆಗೆದುಕೊಂಡ ಮಾತಿಗೆಲ್ಲ ಬರೆದವರ ಹೆಸರು, ಪುಟ ನಮೂದಿಸಿದಳು. ಇವರ ಕಾಲದಲ್ಲಿ ಕದ್ದ ವಾಕ್ಯವನ್ನು ಹಿಡಿಯಲು ಯಂತ್ರವೇ ಇದೆಯಂತೆ.

ಒಪ್ಪಿಸಲು ಹನ್ನೊಂದು ದಿನ ಉಳಿದಾಗ ಪ್ರಬಂಧವು ಮುಗಿದಿತ್ತು. ಆಗ ಈಕೆ, “ಮಾಮಾ, ಇದನ್ನ ಒಮ್ಮೆ ಅಜ್ಜಾರಿಗೆ ಓದಿ ತೋರಸಬೇಕು” ಎಂದಳು. ಸುಮ್ಮನೆ ಕೊಟ್ಟುಬಿಡು, ಅವರೇನು ಪರೀಕ್ಷಕರೇ ಎಂದೆನು. ಅವಳು ಕೇಳಲಿಲ್ಲ.

ಹೀಗೆ ಎರಡನೆಯ ಸಾರೆ ಶಿರಗುಪ್ಪಿಯಲ್ಲಿ ಇಳಿದೆವು. ಹಿರಿಯರು ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ ಕೇಳಿದರು. ಓದುವದು ಮುಗಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ ಅಂದರು:

“ಯವ್ವಾ, ಹಾಡು ಬರಕೊಂಡಿ, ಮಾತು ಬರಕೊಂಡಿ. ಕರ್ಣ ಕಾಲಿಲ್ಲದ ಬಂದನೇನು?”

ಹುಡುಗಿಯ ಮುಖವು ಇಳಿಯಿತು. “ಅಜ್ಜಾರ, ಚೋಪಡ್ಯಾಗ ಹೆಜ್ಜಿ ಬರದಿಲ್ಲಲ್ಲರಿ.”

“ಚೋಪಡ್ಯಾಗ ಯಾಕ ಬರೀಬೇಕು? ಅದು ನನ್ನ ಕಾಲಾಗ ಇತ್ತಲ್ಲ.”

ಆಗ ನನಗೂ ಅರ್ಥವಾಯಿತು. ಕರ್ಣನು ಹಾಡಿನಿಂದ ಬರುವದಿಲ್ಲ, ಕುಣಿತದಿಂದ ಬರುತ್ತಾನೆ. ಹಾಡು ಆಮೇಲಿನದು. ಅವಳ ಪ್ರಬಂಧದ ಹೆಸರೇ ‘ಪ್ರವೇಶ’ವೆಂದಿದ್ದು, ಪ್ರವೇಶವೇ ಅದರಲ್ಲಿ ಇರಲಿಲ್ಲ! ಆ ಕಾಲುಗಳಾದರೂ ಈಗ ಎಲ್ಲಿ? ಹಿರಿಯರ ಮೊಣಕಾಲು ಹಿಡಿದು ವರ್ಷಗಳಾಗಿವೆ. ಅವರು ಕಲಿಸಿದ ಕರ್ಣನು ಕೆಲಸಕ್ಕಾಗಿ ಊರು ಬಿಟ್ಟಿದ್ದಾನೆ. ಮೊಮ್ಮಗನನ್ನು ಕರೆದು ಕುಣಿಯೆಂದರು. ಆ ಹುಡುಗನು ನಾಲ್ಕು ಹೆಜ್ಜೆ ಹಾಕಿ, ನಾಚಿ, ಬಾಗಿಲ ಮರೆಗೆ ಹೋದನು.

ಹಿರಿಯರು ತಮ್ಮೆದುರಿನ ಮಣೆಯ ಮೇಲೆ ಎರಡು ಅಂಗೈಗಳನ್ನು ಊರಿದರು. ಬಲಗೈ ಬಲಗಾಲು, ಎಡಗೈ ಎಡಗಾಲು. ಬಾಯಿಂದ ಮದ್ದಳೆಯ ಬೋಲು ನುಡಿಯುತ್ತ ಅಂಗೈಗಳನ್ನು ಕುಣಿಸತೊಡಗಿದರು. ಎಲ್ಲಿ ಹಿಮ್ಮಡಿ ಊರಬೇಕು, ಎಲ್ಲಿ ಬೆರಳ ತುದಿ, ಎಲ್ಲಿ ತಿರುಗಿ ನಿಲ್ಲಬೇಕು, ಎಲ್ಲ ಆ ಕೈಗಳಲ್ಲಿ ಕಾಣಿಸಿತು. ಹುಡುಗಿಯು ಕೆಲಹೊತ್ತು ನೋಡಿ, ಓಢಣಿಯನ್ನು ಸೊಂಟಕ್ಕೆ ಬಿಗಿದು ಎದ್ದು ನಿಂತಳು. ಕೈಗಳು ಹೇಳಿದ್ದನ್ನು ಅವಳ ಕಾಲು ಮಾಡಹತ್ತಿತು. ತಪ್ಪಿದಾಗ ಮಣೆಯ ಮೇಲೆ ಪಟ್ಟನೆ ಒಂದು ಪೆಟ್ಟು, ಮತ್ತೆ ಮೊದಲಿನಿಂದ. ನೆರೆಯ ಹೆಣ್ಣುಮಕ್ಕಳು ಬಾಗಿಲಲ್ಲಿ ಕೂಡಿದರು. ಹಿಂದೆ ಹೆಣ್ಣುವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಆಟದಲ್ಲಿ, ಅಂದು ಪಡಸಾಲೆಯಲ್ಲಿ ಕರ್ಣನಾದವಳು ಇಪ್ಪತ್ತೊಂದು ವರ್ಷದ ಹುಡುಗಿ. ಸಂಜೆಯ ಹೊತ್ತಿಗೆ ಪೆಟ್ಟುಗಳು ಕಡಿಮೆಯಾದವು. ಬಸ್ಸಿನಲ್ಲಿ ಅವಳ ಪಾದಗಳನ್ನು ನೋಡಿದೆ, ಬೊಕ್ಕೆ ಎದ್ದಿದ್ದವು. ತಂಗಿಗೆ ಏನು ಹೇಳಲೆಂಬ ಚಿಂತೆ ನನಗೆ.

ಆ ಹನ್ನೊಂದು ದಿನಗಳಲ್ಲಿ ಒಂದು ಅಧ್ಯಾಯವು ಪೂರ್ತಿ ಹೊಸದಾಯಿತು. ಸ್ವರ, ತಾಳಗಳ ಕೆಳಗೆ ಅವಳು ಮೂರನೆಯ ಸಾಲೊಂದನ್ನು ಹೂಡಿದಳು: ‘ಬ’ ಎಂದರೆ ಬಲಗಾಲು, ‘ಎ’ ಎಂದರೆ ಎಡಗಾಲು, ಮೇಲೆ ಚುಕ್ಕೆಯಿದ್ದರೆ ಹಿಮ್ಮಡಿ. ಹಾಡು ಆರಂಭವಾಗುವ ಮೊದಲು ಸ್ವರದ ಸಾಲು ಖಾಲಿ, ಹೆಜ್ಜೆಯ ಸಾಲು ಮಾತ್ರ ತುಂಬಿದೆ. ಕಡೆಗೆ, ಈ ಹೆಜ್ಜೆಗಳನ್ನು ಕುಣಿದವರಿಂದಲ್ಲ, ಕುಳಿತು ಕೈಯಿಂದ ತೋರಿಸಿದವರಿಂದ ಬರೆದುಕೊಂಡಿದ್ದೇನೆ, ತಪ್ಪಿದ್ದರೆ ನನ್ನ ಕಾಲಿನದು ಎಂದು ಒಪ್ಪಿಕೊಂಡಿದ್ದಾಳೆ. ಅಕ್ಷರ ಜೋಡಣೆಯ ಅಂಗಡಿಯಲ್ಲಿ ನುಡಿ ಲಿಪಿಯಿಂದ ಯುನಿಕೋಡಿಗೆ ತಿರುಗಿಸುವಾಗ ಒತ್ತಕ್ಷರಗಳೆಲ್ಲ ಚೆದುರಿದ್ದು, ಅವನ್ನು ತಿದ್ದುವದರಲ್ಲಿ ಒಂದು ಇರುಳು ಹೋದದ್ದು, ಇವೆಲ್ಲ ಪ್ರಬಂಧ ಬರೆದ ಮನೆಗಳಿಗೆ ಗೊತ್ತಿದ್ದದ್ದೇ. ಕೊನೆಯ ದಿನದ ಮಧ್ಯಾಹ್ನ ಒಪ್ಪಿಸಿ, ರಸೀದಿ ತಂದಳು. ಮೌಖಿಕ ಪರೀಕ್ಷೆ ಇನ್ನೂ ಬಾಕಿಯಿದೆ.

ವಿಧಿಯ ಮೇರೆಗೆ ಬೇಕಾದ ಪ್ರತಿಗಳಿಗಿಂತ ಒಂದು ಹೆಚ್ಚು ಕಟ್ಟಿಸಿದ್ದಳು. ಅದನ್ನು ಕೊಡಲು ಮೂರನೆಯ ಸಾರೆ ಹೋದೆವು. ಈ ಸಾರೆ ನನ್ನ ತಂಗಿಯೂ ಬಂದಿದ್ದಳು. ಹಿರಿಯರು ಹಾಳೆಗಳನ್ನು ತಿರುವುತ್ತ ಹೆಜ್ಜೆಯ ಸಾಲಿಗೆ ಬಂದು, ಅದರ ಮೇಲೆ ಬೆರಳಿಟ್ಟು, ತುಟಿಯಲ್ಲಿಯೇ ಬೋಲು ಅಂದುಕೊಂಡರು. ಒಂದು ಕಡೆ ಬೆರಳು ನಿಂತಿತು. “ಇಲ್ಲಿ ಎಡ ಅಲ್ಲ, ಬಲ” ಎಂದರು. ಹುಡುಗಿಯು ಲೇಖಣಿಯಿಂದ ಅಲ್ಲಿಯೇ ತಿದ್ದಿದಳು. ಚೋಪಡಿಯೊಡನೆ ಅದನ್ನೂ ಕೆಂಪು ಅರಿವೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಬಂದು ಕುಳಿತವರೇ ಕೇಳಿದರು:

“ಕರ್ಣಂದಾತು. ಶಲ್ಯಂದು ಯಾವಾಗ ಬರಕೊಳ್ತೀ, ತಂಗಿ?”

ಅವಳು ನನ್ನ ಕಡೆಗೆ ನೋಡಿದಳು. ನಾನು ನನ್ನ ತಂಗಿಯ ಕಡೆಗೆ ನೋಡಿದೆ. ಅವಳು ಚಹದ ಬಟ್ಟಲನ್ನು ಕೆಳಗಿಟ್ಟು, “ಮಳಿ ಹಿಡಿಯೂದ್ರೊಳಗ ಬರ್ತೀವ್ರಿ” ಎಂದಳು.