ಕಡಲ ದಂಡೆಯ ಗಣಿತಮಂದಿರ

ಚೆನ್ನೈಗೆ ಹೋದವರು ಮರೀನಾ ಕಡಲ ದಂಡೆಯನ್ನೂ ಮೈಲಾಪುರದ ಕಪಾಲೀಶ್ವರನನ್ನೂ ಕಾಣದೆ ಮರಳುವುದಿಲ್ಲ. ಆದರೆ ಆ ದಂಡೆಗೆ ಎದುರಾಗಿ, ಚೇಪಾಕಿನ ಮದ್ರಾಸು ವಿಶ್ವವಿದ್ಯಾನಿಲಯದ ಆವರಣದಲ್ಲಿ, ರಾಮಾನುಜನ್ ಉನ್ನತ ಗಣಿತ ಅಧ್ಯಯನ ಸಂಸ್ಥೆ ಇರುವುದನ್ನು ಬಲ್ಲವರು ವಿರಳ.

ಹೆಸರಿಗೆ ತಕ್ಕ ನೆಲವಿದು. ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಅವರಿಗೆ, ಪದವಿಯೊಂದೂ ಇಲ್ಲದಿದ್ದಾಗ್ಯೂ, 1913ರಲ್ಲಿ ಮಾಸಿಕ 75 ರೂಪಾಯಿಯ ಸಂಶೋಧನ ವೇತನವಿತ್ತುದು ಇದೇ ವಿಶ್ವವಿದ್ಯಾನಿಲಯ. ನಿಯಮಕ್ಕಿಂತ ಪ್ರತಿಭೆ ದೊಡ್ಡದೆಂದು ಬಗೆದ ಹಿರಿಯರ ಧೈರ್ಯ ಮೆಚ್ಚತಕ್ಕದ್ದು.

ಸಂಸ್ಥೆಯನ್ನು 1950ರಲ್ಲಿ ಸ್ವಂತ ಧನದಿಂದ ಸ್ಥಾಪಿಸಿದವರು ಚೆಟ್ಟಿನಾಡಿನ ವಿದ್ಯಾದಾನಿ ಅಳಗಪ್ಪ ಚೆಟ್ಟಿಯಾರರು. ಮೊದಲ ನಿರ್ದೇಶಕರು, ಆಕ್ಸ್‌ಫರ್ಡಿನಲ್ಲಿ ಹಾರ್ಡಿಯವರ ಶಿಷ್ಯರಾಗಿದ್ದ ಟಿ. ವಿಜಯರಾಘವನ್. ಅವರ ಹೆಸರು ಒಂದು ಜಾತಿಯ ಸಂಖ್ಯೆಗಳಿಗೇ ಅಂಟಿಕೊಂಡಿದೆ. 5ರ ವರ್ಗಮೂಲಕ್ಕೆ 1ನ್ನು ಕೂಡಿಸಿ 2ರಿಂದ ಭಾಗಿಸಿದರೆ ಸುಮಾರು 1.618 ಬರುತ್ತದೆ. ಈ ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋದರೆ ಐದನೆಯ ಘಾತ 11.09, ಎಂಟನೆಯದು 46.98, ಹತ್ತನೆಯದು 122.99. ಮೇಲೇರಿದಷ್ಟೂ ಪೂರ್ಣಾಂಕದ ಸಮೀಪ ಸಮೀಪಕ್ಕೆ! ಮನೆಯ ಮಕ್ಕಳಿಂದ ಈ ಲೆಕ್ಕ ಮಾಡಿಸಿ ನೋಡಿರಿ. ಇಂಥ ಗುಣವುಳ್ಳ ಸಂಖ್ಯೆಗಳನ್ನು ಫ್ರಾನ್ಸಿನ ಪಿಸೊ ಅವರ ಹೆಸರಿನೊಡನೆ ಪಿಸೊ–ವಿಜಯರಾಘವನ್ ಸಂಖ್ಯೆಗಳೆಂದು ಕರೆಯುತ್ತಾರೆ.

ವಿಜಯರಾಘವನ್ 1955ರಲ್ಲಿ ತೀರಿಕೊಂಡರು. 1957ರಲ್ಲಿ ಚೆಟ್ಟಿಯಾರರೂ ಕಾಲವಾದರು. ಒಬ್ಬರ ಔದಾರ್ಯವನ್ನೇ ನೆಚ್ಚಿದ ಸಂಸ್ಥೆಗೆ ಬಾಗಿಲು ಮುಚ್ಚುವ ಗಂಡಾಂತರ ಬಂದೊದಗಿತು. ದೂರದ ಅಮೆರಿಕದಲ್ಲಿದ್ದ ಖಭೌತವಿಜ್ಞಾನಿ ಎಸ್. ಚಂದ್ರಶೇಖರ್ ಪ್ರಧಾನಿ ನೆಹರೂ ಅವರ ಗಮನ ಸೆಳೆದರು; ಅದೇ ವರ್ಷ ವಿಶ್ವವಿದ್ಯಾನಿಲಯವು ಸಂಸ್ಥೆಯನ್ನು ತನ್ನ ಮಡಿಲಿಗೆ ತೆಗೆದುಕೊಂಡಿತು. ಆಗಿನ ನಿರ್ದೇಶಕ ಸಿ. ಟಿ. ರಾಜಗೋಪಾಲ್ ಅನಂತಶ್ರೇಣಿಗಳಲ್ಲಿ ಪಾರಂಗತರು. ಕೇರಳದ ಪ್ರಾಚೀನ ಗಣಿತಿಗಳ ಶ್ರೇಣಿಗಳನ್ನೂ ಬೆಳಕಿಗೆ ತಂದವರು. 1967ರಲ್ಲಿ ಗಣಿತ ವಿಭಾಗವೂ ಇದರೊಡನೆ ಕೂಡಿ ಉನ್ನತ ಅಧ್ಯಯನ ಕೇಂದ್ರವಾಯಿತು.

ಚೇಪಾಕಿಗೆ ಹೊಂದಿಕೊಂಡಿರುವುದೇ ತಿರುವಲ್ಲಿಕ್ಕೇಣಿ. ರಾಮಾನುಜನ್ನರ ಪತ್ನಿ ಜಾನಕಿ ಅಮ್ಮಾಳ್ ಅಲ್ಲಿ ಬಟ್ಟೆ ಹೊಲಿದು ಬಾಳು ಸಾಗಿಸಿದರು. ಮೊದಮೊದಲು ಅವರಿಗೆ ಬರುತ್ತಿದ್ದ ನಿವೃತ್ತಿವೇತನ ತಿಂಗಳಿಗೆ 20 ರೂಪಾಯಿ! ಪತಿಯ ಪ್ರತಿಮೆಯೊಂದು ಆಗಲಿಲ್ಲವೆಂಬ ಅವರ ಕೊರಗನ್ನು ಕೇಳಿ ನಾನಾ ದೇಶಗಳ ಗಣಿತಜ್ಞರು ಹಣ ಕೂಡಿಸಿದರು. ಅಮೆರಿಕದ ಶಿಲ್ಪಿ ಪಾಲ್ ಗ್ರ್ಯಾನ್‌ಲಂಡ್ ರೂಪಿಸಿದ ಕಂಚಿನ ಪ್ರತಿಮೆ 1980ರ ದಶಕದಲ್ಲಿ ಆಕೆಯ ಕೈ ಸೇರಿತು. ಆ ತಾಯಿ 1994ರವರೆಗೆ ಬದುಕಿದ್ದರು.